ಹಿತ್ತಲಲ್ಲೊಂದು ಮರೆಯ ಜಾಗ ಬೇಕು: ಪಕ್ಕದ ಮನೆಗೆ ಮಹಡಿ ಬಂದಮೇಲೆ ಅಮ್ಮ ಹೊರಗೆ ಕೂರುತ್ತಿಲ್ಲ

ಹಿತ್ತಲಬಾಗಿಲು (ಚಿಕ್ಕಮಗಳೂರು), ಏಪ್ರಿಲ್ 9

ಎಲ್ಲರಿಗೂ ನಮಸ್ಕಾರ. ಇದು ಗಿಡದ ವಿಷಯವೋ ಗಾರೆ ಕೆಲಸದ ವಿಷಯವೋ ನನಗೇ ಗೊತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು 50-80ರ ಸೈಟು. ಮನೆ ಹಿಂದೆ ಸುಮಾರು 28 ಅಡಿ ಹಿತ್ತಲು ಉಳಿದಿದೆ. ಒಂದು ಸಂಪಿಗೆ ಮರ, ಮೆಣಸು ಹಬ್ಬಿಸಿದ ಎರಡು ಸಿಲ್ವರ್ ಓಕ್, ಒಂದು ಸೀಬೆ, ಬಟ್ಟೆ ಒಗೆಯುವ ಕಲ್ಲು. ಅಮ್ಮನಿಗೆ ಈಗ 72. ಸಂಜೆ ಕಾಫಿ ಕುಡಿದು ಹಿತ್ತಲಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಒಳಗೆ ಬರುತ್ತಿದ್ದಳು. ಹೂ ಕಟ್ಟುವುದು, ಸೊಪ್ಪು ಬಿಡಿಸುವುದು, ಏನೂ ಇಲ್ಲದಿದ್ದರೆ ಸುಮ್ನೆ ಕೂರುವುದು.

ಹೋದ ವರ್ಷ ಪಶ್ಚಿಮದ ಪಕ್ಕದ ಮನೆಯವರು ಮೇಲೊಂದು ಮಹಡಿ ಎಬ್ಬಿಸಿದರು. ಹಿಂದುಗಡೆಗೆ ಬಾಲ್ಕನಿ. ಒಳ್ಳೆಯ ಜನ, ಜಗಳ ಏನೂ ಇಲ್ಲ. ಆದರೆ ಅಲ್ಲಿ ನಿಂತರೆ ನಮ್ಮ ಹಿತ್ತಲೆಲ್ಲ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತದೆ. ಅಮ್ಮ ಅಲ್ಲಿ ಕೂರುವುದನ್ನೇ ಬಿಟ್ಟಳು. ಕೇಳಿದರೆ "ಬಿಸಿಲು ಕಣೋ" ಅನ್ನುತ್ತಾಳೆ. ಜುಲೈನಲ್ಲೂ ಹಾಗೇ ಅಂದಿದ್ದಳು.

ಕಾಂಪೌಂಡ್ ಈಗ 5 ಅಡಿ ಇದೆ. ಇನ್ನು 4 ಅಡಿ ಏರಿಸಿದರೆ ಮುಗಿಯಿತು ಅಂತ ಮೇಸ್ತ್ರಿ ಹೇಳುತ್ತಾನೆ. ಬಿದಿರು ಹಾಕೋಣ ಅಂತ ನನ್ನ ಹೆಂಡತಿ. ಯಾರ ಕಣ್ಣಿಗೂ ಬೀಳದ ಹಾಗೆ ಹಿತ್ತಲಲ್ಲಿ ಕೂರುವ ಜಾಗ ಮಾಡಿಕೊಂಡವರು ಯಾರಾದರೂ ಇದ್ದೀರಾ?

ಸೈಜುಗಲ್ಲು (ಹಾಸನ), ಏಪ್ರಿಲ್ 9

ಗೋಡೆ ಏರಿಸುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ ಸಾರ್. ನಾನು ಮನೆ ಕಟ್ಟಿಸುವ ಕೆಲಸದಲ್ಲೇ ಇರುವವನು, ಆದರೂ ಬೇಡ ಅಂತಲೇ ಹೇಳುತ್ತೇನೆ.

ಬಾಲ್ಕನಿ ನೆಲ ಸುಮಾರು 12 ಅಡಿ ಎತ್ತರ. ಅದರ ಮೇಲೆ ನಿಂತವರ ಕಣ್ಣು 17 ಅಡಿಯಲ್ಲಿ ಇರುತ್ತದೆ. ಬಾಲ್ಕನಿ ನಿಮ್ಮ ಕಾಂಪೌಂಡಿಂದ 8 ಅಡಿ ಆಚೆ ಇದೆ ಅಂದುಕೊಳ್ಳೋಣ. ಗೋಡೆಯನ್ನು 9 ಅಡಿಗೆ ಏರಿಸಿದಿರಿ. ಈಗ ಅವರ ನೋಟ 8 ಅಡಿ ದೂರ ಬರುವಷ್ಟರಲ್ಲಿ 8 ಅಡಿ ಇಳಿದು ಗೋಡೆಯ ತಲೆ ಮುಟ್ಟುತ್ತದೆ. ಅದೇ ಇಳಿಜಾರಲ್ಲಿ ಈಚೆ ಬಂದರೆ ಗೋಡೆಯಿಂದ 5 ಅಡಿ ದೂರಕ್ಕೆ 4 ಅಡಿ ಎತ್ತರದಲ್ಲಿರುತ್ತದೆ. ಕೂತವರ ತಲೆ ಇರುವುದು ಅಲ್ಲೇ. ಅಂದರೆ ಅಷ್ಟು ದುಡ್ಡು ಸುರಿದು ನಿಮಗೆ ಸಿಗುವುದು ಗೋಡೆಗೆ ಅಂಟಿದ 5 ಅಡಿ ಪಟ್ಟಿ. ಮಿಕ್ಕ ಹಿತ್ತಲು ಮೊದಲಿನ ಹಾಗೇ ಕಾಣುತ್ತದೆ. ಮೇಲಾಗಿ ಹಳೇ 5 ಅಡಿ ಗೋಡೆಯ ಪಾಯ ಇನ್ನೂ 4 ಅಡಿ ಹೊರುತ್ತದಾ ಅಂತ ಯಾರು ನೋಡಿದ್ದಾರೆ?

ಮರೆ ಅನ್ನುವುದು ನೋಡುವವರ ಹತ್ತಿರ ಇದ್ದರೆ ಪ್ರಯೋಜನ ಕಡಿಮೆ, ಕೂರುವವರ ಹತ್ತಿರ ಇರಬೇಕು. ತಲೆಯ ಮೇಲೆ ಒಂದು ಬಳ್ಳಿಯ ಚಪ್ಪರ, ಬೆನ್ನ ಹಿಂದೆ ಎದೆಮಟ್ಟದ ಗಿಡ. ಇಷ್ಟೇ ಸಾಕು. ಕೊಡೆ ಹಿಡಿದುಕೊಂಡವರು ಬಾಲ್ಕನಿಗೆ ಕಾಣುತ್ತಾರಾ ಹೇಳಿ.

ಜಡಿಮಳೆ (ಕೊಪ್ಪ), ಏಪ್ರಿಲ್ 9

ಲೆಕ್ಕ ಚೆನ್ನಾಗಿದೆ ಮಾರಾಯ್ರೇ. ಆದರೆ ಮರೆ ಮಾಡಿದ ಜಾಗಕ್ಕೆ ಮನುಷ್ಯರಿಗಿಂತ ಮೊದಲು ಬೇರೆಯವರು ಬಂದು ಕೂರುತ್ತಾರೆ. ನಮ್ಮಲ್ಲಿ ಬಳ್ಳಿ ಚಪ್ಪರ ಹಾಕಿ ಕೆಳಗೆ ಬೆಂಚಿಟ್ಟೆವು. ಜೂನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕೂತು ಕಾಫಿ ಕುಡಿದದ್ದು ಇಂಬಳಗಳು (ಜಿಗಣೆಗಳು) ಮಾತ್ರ. ನಮ್ಮ ರಕ್ತವೇ ಅವಕ್ಕೆ ಕಾಫಿ.

ತಮಾಷೆ ಇರಲಿ. ದರಗು, ಅಂದರೆ ಉದುರಿದ ಒಣ ಎಲೆ, ಗುಡ್ಡೆ ಬೀಳದ ಹಾಗೆ ನೋಡಿಕೊಳ್ಳಿ. ದರಗಿದ್ದರೆ ಕಪ್ಪೆ, ಕಪ್ಪೆ ಇದ್ದರೆ ಹಾವು. ನಮ್ಮ ತಾಲ್ಲೂಕಿನ ಕಡೆ ಬೇಸಿಗೆಯಲ್ಲಿ ಉಣುಗಿನ ಭಯ ಬೇರೆ, ಮಂಗನ ಕಾಯಿಲೆ ಬರುವುದೇ ಅದರಿಂದ. ಕೂರುವ ಜಾಗದ ಸುತ್ತ ಮೂರು ಅಡಿಯಾದರೂ ಗುಡಿಸಿದ ನೆಲ ಇರಬೇಕು. ಗಿಡ ದಟ್ಟ ಇರಲಿ, ಬುಡ ಬೋಳಾಗಿರಲಿ. ಬುಡ ಕಾಣದ ಗಿಡದ ಪಕ್ಕ ವಯಸ್ಸಾದವರನ್ನು ಕೂರಿಸಬೇಡಿ.

ಕಲ್ಯಾಣಿಮೆಟ್ಟಿಲು (ಬೇಲೂರು), ಏಪ್ರಿಲ್ 10

ಎಲ್ಲರೂ ಮೇಲಕ್ಕೆ ಹೋಗುತ್ತಿದ್ದೀರಿ. ಕೆಳಕ್ಕೆ ಯಾಕೆ ಹೋಗಬಾರದು?

ಹಳೇಬೀಡಿನ ಹತ್ತಿರ ಹುಲಿಕೆರೆ ಕಲ್ಯಾಣಿ ನೋಡಿದ್ದೀರಾ? ಹೊಯ್ಸಳರ ಕಾಲದ್ದು. ಊರೊಳಗೆ ಹೋದರೂ ಅಂಚಿಗೆ ಬಂದು ನಿಲ್ಲುವವರೆಗೆ ಅಲ್ಲೊಂದು ಕಲ್ಯಾಣಿ ಇದೆ ಅಂತ ಗೊತ್ತಾಗುವುದಿಲ್ಲ. ಮೆಟ್ಟಿಲಿಳಿದು ಪುಟ್ಟ ಗುಡಿಗಳ ಪಕ್ಕ ಕೂತರೆ ಊರಿನ ಸದ್ದೆಲ್ಲ ತಲೆಯ ಮೇಲೆ ಹಾದುಹೋಗುತ್ತದೆ. ನಾನು ಪ್ರತಿಸಲ ಹೋದಾಗಲೂ ಅರ್ಧ ಗಂಟೆ ಸುಮ್ನೆ ಕೂತು ಬರುತ್ತೇನೆ.

ಹಿತ್ತಲಲ್ಲಿ ಒಂದೂವರೆ ಅಡಿ ತಗ್ಗು ತೆಗೆದು, ಸುತ್ತ ಕಲ್ಲು ಕಟ್ಟಿ, ತೆಗೆದ ಮಣ್ಣನ್ನು ಪಶ್ಚಿಮಕ್ಕೆ ದಿಬ್ಬ ಮಾಡಿ ಗಿಡ ನೆಟ್ಟರೆ? ತಗ್ಗು ಒಂದೂವರೆ, ದಿಬ್ಬ ಒಂದೂವರೆ. ಗಿಡ ಬೆಳೆಯುವ ಮೊದಲೇ ಮೂರು ಅಡಿ ಮರೆ ಸಿಕ್ಕಿತು.

ಜಡಿಮಳೆ (ಕೊಪ್ಪ), ಏಪ್ರಿಲ್ 10

ಆರಿದ್ರ ಮಳೆಗೆ ಅಮ್ಮ ಅಲ್ಲಿಗೆ ದೋಣಿಯಲ್ಲಿ ಹೋಗಬೇಕಾಗುತ್ತದೆ. ನಿಮ್ಮ ಹುಲಿಕೆರೆಯಲ್ಲಿ ನೀರು ನಿಲ್ಲಲಿ ಅಂತಲೇ ಕಟ್ಟಿದ್ದು ಸ್ವಾಮಿ!

ಕಲ್ಯಾಣಿಮೆಟ್ಟಿಲು (ಬೇಲೂರು), ಏಪ್ರಿಲ್ 10

ಬಸಿಗಾಲುವೆ ಕೊಟ್ಟರೆ ನಿಲ್ಲುವುದಿಲ್ಲ. ಅವರು ಇರುವುದು ಚಿಕ್ಕಮಗಳೂರು ಪೇಟೆಯಲ್ಲಿ, ಕೊಪ್ಪದಲ್ಲಲ್ಲ. ಶೃಂಗೇರಿಯೂ ಅದೇ ಜಿಲ್ಲೆ, ಕಡೂರೂ ಅದೇ ಜಿಲ್ಲೆ. ಎರಡೂ ಕಡೆ ಒಂದೇ ಮಳೆಯಾ?

ಸೈಜುಗಲ್ಲು (ಹಾಸನ), ಏಪ್ರಿಲ್ 10

ತಗ್ಗಿನ ವಿಚಾರಕ್ಕೆ ನನ್ನದೇ ಒಂದು ಪೆಟ್ಟು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಎರಡು ಅಡಿ ಇಳಿಸಿ ಮಾಡಿದ್ದೆ. ನೀರೇನೂ ನಿಲ್ಲಲಿಲ್ಲ, ಪೈಪು ಸರಿಯಾಗಿಯೇ ಇತ್ತು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ಪಾಚಿ. ಚೆನ್ನಾಗಿ ಕಾಣಲಿ ಅಂತ ನಯ ಮಾಡಿಸಿದ ಕಲ್ಲು ಹಾಕಿದ್ದೆ ನೋಡಿ, ಮಾವನವರು ಜಾರಿ ಮಣಿಕಟ್ಟು ಮುರಿದುಕೊಂಡರು. ಆಮೇಲೆ ಅದನ್ನು ಮುಚ್ಚಿಸಿದೆ. 72 ವಯಸ್ಸಿನವರಿಗೆ ಮೆಟ್ಟಿಲೇ ಬೇಡ. ದಾರಿ ಸಮ ಇರಲಿ, ಮೂರು ಅಡಿ ಅಗಲ ಇರಲಿ, ನಾಲ್ಕೈದು ಅಡಿಗೆ ಒಂದು ಇಂಚಿನಷ್ಟು ವಾಟ ಇರಲಿ. ಕಲ್ಲು ಉಳಿ ಹೊಡೆದದ್ದೇ ಬೇಕು, ಪಾಲಿಶ್ ಮಾಡಿದ್ದು ಬೇಡ.

ಡೇರೆಹೂ (ಮೂಡಿಗೆರೆ), ಏಪ್ರಿಲ್ 11

ಎರಡು ದಿನದಿಂದ ಓದುತ್ತಿದ್ದೇನೆ. ಗಂಡಸರೆಲ್ಲ ಕಲ್ಲು, ಗೋಡೆ, ಗುಂಡಿ ಅಂತಲೇ ಇದ್ದೀರಿ. ಸ್ವಲ್ಪ ಗಿಡದ ಮಾತಾಡೋಣ.

ಮೊದಲು ಬಿದಿರು. ನನಗೆ ಒಂದು ನರ್ಸರಿಯಲ್ಲಿ "ಮನೆ ಬೇಲಿಗೆ ಹೇಳಿಮಾಡಿಸಿದ್ದು" ಅಂತ ಹಳದಿ ಬಿದಿರು ಕೊಟ್ಟರು. ಹಳದಿ ಮೈ, ಅದರ ಮೇಲೆ ಹಸಿರು ಗೆರೆ, ನೋಡಲು ಚೆಂದವೋ ಚೆಂದ. ಅದು 30 ಅಡಿ ದಾಟುತ್ತದೆ ಅಂತ ಯಾರೂ ಹೇಳಲಿಲ್ಲ. ಆರನೇ ವರ್ಷಕ್ಕೆ ಹಿಂಡಿಲು ದೊಡ್ಡದಾಗಿ ಚರಂಡಿಯನ್ನೇ ತಳ್ಳಿತು. ತೆಗೆಸಲು ಜೆಸಿಬಿ ಬರಬೇಕಾಯಿತು. 28 ಅಡಿ ಹಿತ್ತಲಿಗೆ ಆ ಬಿದಿರು ಬೇಡ ತಮ್ಮಾ. ನಿನ್ನ ಹೆಂಡತಿಗೆ ಬೇಜಾರಾಗದ ಹಾಗೆ ಹೇಳು.

ನಮ್ಮ ಕಡೆ ಮರೆಗೆ ಎಲ್ಲಕ್ಕಿಂತ ಒಳ್ಳೆಯ ಗಿಡ ಯಾವುದು ಗೊತ್ತಾ? ಕಾಫಿ. ನಗಬೇಡಿ. ತೋಟದಲ್ಲಿ ಅದನ್ನು ದಿನಾ ನೋಡಿ ನೋಡಿ ನಮಗೆ ಅದು ಬೆಳೆ ಅನ್ನಿಸುತ್ತದೆ, ಗಿಡ ಅನ್ನಿಸುವುದಿಲ್ಲ. ವರ್ಷವಿಡೀ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಎಲೆ. ತಲೆ ಚಿವುಟಿದರೆ ಐದು ಅಡಿಗೆ ನಿಲ್ಲುತ್ತದೆ, ರೆಕ್ಕೆ (ಪಕ್ಕದ ಕೊಂಬೆ) ಅಡ್ಡಕ್ಕೆ ಚಾಚಿಕೊಳ್ಳುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಚಂದ್ರಗಿರಿ ತಳಿ ಗಿಡ್ಡ, ದಟ್ಟ. ತೋಟದ ಅಂತರ ಬೇಡ, ಮೂರು ಅಡಿಗೊಂದು ನೆಟ್ಟರೆ ರೆಕ್ಕೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಎಂಟು-ಹತ್ತು ದಿನಕ್ಕೆ ಹೂ. ಆ ಮೂರ್ನಾಲ್ಕು ದಿನ ಅಲ್ಲಿ ಕೂತವರು ಎದ್ದು ಬರುವುದಿಲ್ಲ. ಒಂದೇ ಷರತ್ತು, ಮೇಲೆ ನೆರಳು ಬೇಕು. ಬೋಳು ಬಿಸಿಲಲ್ಲಿ ನೆಟ್ಟರೆ ಎಲೆ ಸುಡುತ್ತದೆ, ಕಾಂಡಕೊರಕ ಬರುತ್ತದೆ. ನಿನಗೆ ಸಂಪಿಗೆ, ಸಿಲ್ವರ್ ಓಕ್ ಇದೆಯಲ್ಲ, ಮಳೆಗಾಲಕ್ಕೆ ಮುಂಚೆ ಹದವಾಗಿ ಮರಗಸಿ (ನೆರಳುಮರದ ಕೊಂಬೆ ಸವರುವುದು) ಮಾಡಿಸಿಕೊಂಡರೆ ಸಾಕು.

ಚಪ್ಪರಕ್ಕೆ ಥನ್‌ಬರ್ಜಿಯಾ ಮೈಸೂರೆನ್ಸಿಸ್. ಹೆಸರು ಇಷ್ಟುದ್ದ ಇದ್ದರೂ ನಮ್ಮ ಘಟ್ಟದ್ದೇ ಬಳ್ಳಿ. ಹಳದಿ-ಕೆಂಪು ಹೂವಿನ ಮಾಲೆ ಕೆಳಗೆ ಇಳಿಬೀಳುತ್ತದೆ, ಸೂರಕ್ಕಿ ಬಂದು ನೇತಾಡುತ್ತವೆ. ಮಾಲೆ ಒಂದು ಅಡಿಗಿಂತ ಜಾಸ್ತಿ ಉದ್ದ ಬರುವುದರಿಂದ ಚಪ್ಪರ 8 ಅಡಿಗೆ ಕಡಿಮೆ ಇರಬಾರದು. ನೀಲಿ ಹೂವಿನ ಥನ್‌ಬರ್ಜಿಯಾ ಕೊಟ್ಟರೆ ತೆಗೆದುಕೊಳ್ಳಬೇಡ, ಅದು ಸಂಪಿಗೆ ಮರವನ್ನೂ ನುಂಗುತ್ತದೆ.

ನೆರಳಿನ ಅಂಚಿಗೆ ಹೈಡ್ರೇಂಜ, ಆಂಥೂರಿಯಂ, ಜರೀಗಿಡ. ಕಾಡಿಂದ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಕಿತ್ತು ತಂದು ಮರಕ್ಕೆ ಕಟ್ಟುವ ಚಾಳಿ ನಮ್ಮಲ್ಲಿದೆ, ಅದೊಂದು ಬೇಡ. ಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿ ಸಿಕ್ಕರೆ ಬೇರೆ ಮಾತು.

ಒಣಬೇಸಾಯ (ಅರಸೀಕೆರೆ), ಏಪ್ರಿಲ್ 11

ಅಕ್ಕ, ಇದೆಲ್ಲ ಮಲೆನಾಡಿನ ಭಾಗ್ಯ. ನಮ್ಮ ಕಡೆ ಆಂಥೂರಿಯಂ ಅಂದರೆ ಪ್ಲಾಸ್ಟಿಕ್ಕಿನದು ಮಾತ್ರ.

ಬಯಲುಸೀಮೆಯವರು ಓದುತ್ತಿದ್ದರೆ: ದಾಸವಾಳವನ್ನು ಎರಡು ಸಾಲಲ್ಲಿ ಅಡ್ಡಾದಿಡ್ಡಿಯಾಗಿ ಎರಡು ಅಡಿಗೊಂದು ನೆಡಿ. ಮೇಲೆ ತೆಂಗಿನ ಗರಿಯ ಚಪ್ಪರ. ಕಣಗಿಲೆ ನೀರಿಲ್ಲದೆ ಬದುಕುತ್ತದೆ ಅಂತ ಎಲ್ಲರೂ ಹಾಕುತ್ತಾರೆ, ಆದರೆ ಅದರ ಎಲೆ, ಹೂ, ಕಡ್ಡಿ ಎಲ್ಲ ವಿಷ. ದನ, ಮಕ್ಕಳು ಇರುವ ಮನೆಗೆ ಬೇಡ. ಇನ್ನೊಂದು, ತೆಂಗಿನ ಮರದ ಕೆಳಗೆ ನೆರಳು ಚೆನ್ನಾಗಿದೆ ಅಂತ ಬೆಂಚು ಹಾಕಬೇಡಿ. ಕಾಯಿ ಬೀಳುವಾಗ ಹೇಳಿ ಬೀಳುವುದಿಲ್ಲ.

ಬೈನೆಮರ (ಸಕಲೇಶಪುರ), ಏಪ್ರಿಲ್ 11

ಆನೆ ಓಡಾಡುವ ನಮ್ಮೂರಲ್ಲಿ ಮರೆಯ ಜಾಗ ಮಾಡುವವರು ಹಲಸು, ಬಾಳೆ ಹತ್ತಿರ ಮಾಡಬೇಡಿ. ಸಂಜೆ ಆರು ಗಂಟೆಗೆ ಗಿಡ ಅಲ್ಲಾಡಿತು ಅಂತ ನಾಯಿಗೆ ಗದರಿದೆ. ನಾಯಿ ನನ್ನ ಕುರ್ಚಿ ಕೆಳಗೇ ಇತ್ತು. ಮುಂದಿನದ್ದು ನೀವೇ ಊಹಿಸಿಕೊಳ್ಳಿ. ಆವತ್ತಿಂದ ಜಗುಲಿಯೇ ನನ್ನ ತೋಟ.

ಡೇರೆಹೂ (ಮೂಡಿಗೆರೆ), ಏಪ್ರಿಲ್ 12

ಇಷ್ಟು ಬರೆದ ಮೇಲೆ ಹೊಳೆಯಿತು. ತಮ್ಮಾ, ಅಮ್ಮನನ್ನು ಕೇಳಿದೆಯಾ? ಕೇಳಿದರೂ ಹೇಳುವುದಿಲ್ಲ ಬಿಡು, ನಮ್ಮಂಥವರು ಹೇಳುವುದಿಲ್ಲ. ಒಂದು ವಾರ ಸುಮ್ನೆ ನೋಡು. ಹಿತ್ತಲು ಬಿಟ್ಟ ಮೇಲೆ ಆಕೆ ಸಂಜೆ ಎಲ್ಲಿರುತ್ತಾಳೆ?

ಹಿತ್ತಲಬಾಗಿಲು (ಚಿಕ್ಕಮಗಳೂರು), ಏಪ್ರಿಲ್ 24

ಡೇರೆಹೂ ಅಕ್ಕನ ಮಾತು ಕೇಳಿ ನೋಡಿದೆ. ಮನೆಯಿಂದಲೇ ಕೆಲಸ ಮಾಡುವ ನನಗೆ ಇಷ್ಟು ದಿನ ಕಂಡಿರಲಿಲ್ಲ ಅನ್ನುವುದೇ ನಾಚಿಕೆ.

ನಮ್ಮ ಮನೆಯ ಹಿಂದೆ, ಪೂರ್ವದ ಮೂಲೆಯಲ್ಲಿ ಬಚ್ಚಲುಮನೆ ಹೊರಕ್ಕೆ ಚಾಚಿಕೊಂಡಿದೆ. ಅದರ ಆಚೆ ಬದಿಗೆ, ಬಚ್ಚಲ ಗೋಡೆಗೂ ಪೂರ್ವದ ಕಾಂಪೌಂಡಿಗೂ ನಡುವೆ ಏಳು ಅಡಿ ಜಾಗ. ಸೌದೆ ಒಟ್ಟುವ ಜಾಗ ಅದು, ನಾವು ಯಾರೂ ಅತ್ತ ಹೋಗುವುದಿಲ್ಲ. ನಾಲ್ಕೂಕಾಲಿಗೆ ಅಮ್ಮ ಮಣೆ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಾಳೆ. ಸೌದೆಗೆ ಒರಗಿ ಕೂರುತ್ತಾಳೆ. ಬಚ್ಚಲ ಗೋಡೆಯ ಒಂದು ಕಡೆ ಗಾರೆ ನಯವಾಗಿ ಹೊಳೆಯುತ್ತಿತ್ತು. ಏನು ಅಂತ ನೋಡಿದರೆ, ಏಳುವಾಗ ಕೈ ಊರುವ ಜಾಗ. ಒಂದು ವರ್ಷದ ಕೈಯೆಣ್ಣೆ.

ನಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಪಕ್ಕದ ಬಾಲ್ಕನಿ ಕಾಣುವುದೇ ಇಲ್ಲ, ನಮ್ಮ ಮನೆಯೇ ಅಡ್ಡ ಇದೆ. ಹಿಂದಕ್ಕೆ ಸಂಪಿಗೆ ಮರ ಕಾಣುತ್ತದೆ. ಮುಂದಕ್ಕೆ ಮನೆಯ ಪಕ್ಕದ ಓಣಿಯಲ್ಲಿ ಸೀದಾ ಗೇಟು ಕಾಣುತ್ತದೆ. "ಇಲ್ಲೇ ಯಾಕಮ್ಮ?" ಅಂದೆ. "ಗೇಟು ಕಾಣಬೇಕಲ್ಲೋ. ಪೋಸ್ಟಿನವನು ಬಂದರೆ? ನೀವೆಲ್ಲ ಕಿವಿಗೆ ಅದೇನೋ ಸಿಕ್ಕಿಸಿಕೊಂಡಿರ್ತೀರಿ."

ಸೈಜುಗಲ್ಲು (ಹಾಸನ), ಏಪ್ರಿಲ್ 24

ನಾನು ಟೇಪು ಹಿಡಿದು ಮಾಡುವ ಲೆಕ್ಕವನ್ನು ಅಮ್ಮ ಮಣೆ ಹಿಡಿದು ಮಾಡಿದ್ದಾರೆ. ಮನೆಗಿಂತ ದೊಡ್ಡ ಗೋಡೆ ಯಾವುದಿದೆ?

ಜಾಗ ಎಲ್ಲ ರೀತಿಯಲ್ಲೂ ಚೆನ್ನಾಗಿದೆ. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬರುವುದು, ಮನೆ ತಡೆಯುತ್ತದೆ. ಬೆಳಿಗ್ಗೆ ಎಳೆಬಿಸಿಲು, ನಾಲ್ಕರ ಮೇಲೆ ನೆರಳು. ಹಾಗಾದರೆ ಕೆಲಸ ಸ್ವಲ್ಪವೇ. ಸೌದೆಯನ್ನು ಬೇರೆ ಕಡೆಗೆ ಸಾಗಿಸಿ, ಚೇಳು-ಹಾವಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಮಣೆಯ ಬದಲು ಕಲ್ಲು ಚಪ್ಪಡಿ, 18 ಇಂಚು ಎತ್ತರಕ್ಕೆ. ಮಂಡಿನೋವಿನವರಿಗೆ ಅದಕ್ಕಿಂತ ತಗ್ಗಾದರೆ ಏಳಲು ಕಷ್ಟ. ಕೈ ಊರುವ ಜಾಗ ಹೊಳೆಯುತ್ತಿದೆ ಅಂದಿರಲ್ಲ, ಸರಿಯಾಗಿ ಅಲ್ಲೇ ಒಂದು ಹಿಡಿ ಹಾಕಿಸಿ. ಬಚ್ಚಲ ನೀರು ಅತ್ತ ಹರಿಯದ ಹಾಗೆ ವಾಟ ನೋಡಿಕೊಳ್ಳಿ. ಮರ ಬಳಸಬೇಡಿ, ಎರಡು ಮಳೆಗಾಲಕ್ಕೆ ಗೆದ್ದಲು.

ಜಡಿಮಳೆ (ಕೊಪ್ಪ), ಏಪ್ರಿಲ್ 25

ಅಂದವೆಂದು ನೀರಿನ ತೊಟ್ಟಿ ಇಡುವ ಯೋಚನೆ ಬಂದರೆ ಗಪ್ಪಿ ಮೀನು ಬಿಡಿ. ಇಲ್ಲದಿದ್ದರೆ ವಾರಕ್ಕೊಮ್ಮೆ ನೀರು ಚೆಲ್ಲಿ ತೊಟ್ಟಿ ಉಜ್ಜಿ. ಒಂದು ವಾರ, ಹತ್ತು ದಿನ ನೀರು ನಿಂತರೆ ಸೊಳ್ಳೆ ಎದ್ದಾಯಿತು. ಡೆಂಗ್ಯೂ ತರುವ ಸೊಳ್ಳೆ ಕಚ್ಚುವುದೇ ಹಗಲಲ್ಲಿ, ಸಂಜೆಗೆ ಸ್ವಲ್ಪ ಜಾಸ್ತಿ. ಅಮ್ಮ ಕೂರುವ ಹೊತ್ತು ಅದೇ ಅಲ್ವಾ?

ಡೇರೆಹೂ (ಮೂಡಿಗೆರೆ), ಏಪ್ರಿಲ್ 25

ಗೇಟು ಕಾಣುವ ದಿಕ್ಕಿಗೆ ಏನೂ ನೆಡಬೇಡ. ಆ ಓಣಿ ಹಾಗೇ ಇರಲಿ. ಕಾಫಿ ಗಿಡ ಹಿತ್ತಲ ಕಡೆಗೆ ಮಾತ್ರ, ಅದೂ ಬಾಗಿದ ಸಾಲಲ್ಲಿ. ಹಿತ್ತಲಿಂದ ಬರುವವರಿಗೆ ಗಿಡ ಬಳಸಿ ತಿರುಗುವವರೆಗೆ ಬೆಂಚು ಕಾಣಬಾರದು. ಜೂನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ನೆಡು. ಮೂಡಿಗೆರೆ ಕಡೆ ಬಂದರೆ ಹೈಡ್ರೇಂಜ ಕುಂಡ ಒಂದು ಕೊಡುತ್ತೇನೆ, ಗುಲಾಬಿ ಬಣ್ಣದ್ದು.

ಹಿತ್ತಲಬಾಗಿಲು (ಚಿಕ್ಕಮಗಳೂರು), ಮರುವರ್ಷ ಏಪ್ರಿಲ್ 18

ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಬೈಯಬೇಡಿ. ವರ್ಷವಾಯಿತು, ವರದಿ ಕೊಡಬೇಕಲ್ಲ.

ಕಲ್ಲು ಬೆಂಚು, ಹಿಡಿ ಹಾಕಿಸಿದೆ. ದಾರಿಗೆ ಜಲ್ಲಿ ಸುರಿದದ್ದು ನನ್ನ ದಡ್ಡತನ. ಕೆಳಗೆ ಬೋಡ್ರಸ್ (ದಪ್ಪ ಕಲ್ಲು) ಹಾಕದೆ ಮೆತ್ತನೆ ಮಣ್ಣಿಗೇ ಹಾಕಿದ್ದೆ. ಆಗಸ್ಟ್ ಹೊತ್ತಿಗೆ ಜಲ್ಲಿ ಕೆಳಗೆ, ಕೆಸರು ಮೇಲೆ. ಈಗ ಉಳಿ ಹೊಡೆದ ಚಪ್ಪಡಿ ಹಾಸಿದ್ದೇನೆ. ಹನ್ನೊಂದು ಕಾಫಿ ಗಿಡದಲ್ಲಿ ಮೂರು ಹೋದವು, ಮೂರೂ ನೆರಳು ಸಿಗದ ತುದಿಯವು. ಅಕ್ಕ ಹೇಳಿದ ಹಾಗೇ ಆಯಿತು. ಉಳಿದವು ಸೊಂಟಮಟ್ಟಕ್ಕೆ ಬಂದಿವೆ, ಹೂವಿಗೆ ಇನ್ನೂ ಸಮಯ ಇದೆ. ಬಳ್ಳಿ ಚಪ್ಪರಕ್ಕೆ ಏರಿದೆ. ಬಿದಿರು ಬೇಡ ಅಂದದ್ದಕ್ಕೆ ಹೆಂಡತಿ ಎರಡು ದಿನ ಮಾತಾಡಲಿಲ್ಲ, ಈಗ ಅಮ್ಮನಿಗಿಂತ ಮೊದಲು ಅಲ್ಲಿ ಹೋಗಿ ಕೂರುವುದು ಅವಳೇ.

ಹೋದ ವಾರ ಪಕ್ಕದ ಮನೆಯಾಕೆ ಗೇಟಿನ ಹತ್ತಿರ ಸಿಕ್ಕಿ, "ಆಂಟಿ ಊರಲ್ಲಿ ಇಲ್ವಾ? ತುಂಬ ದಿನದಿಂದ ಕಾಣಿಸ್ತಾನೇ ಇಲ್ಲ" ಅಂತ ಕಾಳಜಿಯಿಂದ ಕೇಳಿದರು. ಅಮ್ಮ ಇಪ್ಪತ್ತು ಅಡಿ ದೂರದಲ್ಲಿ ಬೆಂಚಿನ ಮೇಲೆ ಅವರೆಕಾಳು ಹಿದುಕುತ್ತಿದ್ದಳು. "ಇಲ್ಲೇ ಇದ್ದೀನಿ ಬಾರೇ" ಅಂತ ಅಲ್ಲಿಂದಲೇ ಕೂಗಿದಳು. ಆಕೆ ಬಂದು ಕೂತು ಅರ್ಧ ಸೇರು ಹಿದುಕಿಕೊಟ್ಟು ಹೋದರು.

ಈಗ ಅಮ್ಮನ ತಕರಾರು ಒಂದೇ. ಡೇರೆಹೂ ಅಕ್ಕ ಕೊಟ್ಟ ಹೈಡ್ರೇಂಜ ನೆಲಕ್ಕೆ ಇಳಿಸಿದ ಮೇಲೆ ಹೊಸ ಗೊಂಚಲೆಲ್ಲ ನೀಲಿ ಬರುತ್ತಿದೆ. "ಅವರು ಗುಲಾಬಿ ಕೊಟ್ಟರು, ನೀನು ಕೆಡಿಸಿದೆ" ಅನ್ನುತ್ತಾಳೆ.

ಡೇರೆಹೂ (ಮೂಡಿಗೆರೆ), ಏಪ್ರಿಲ್ 18

ನೀನು ಕೆಡಿಸಿಲ್ಲ, ನಮ್ಮ ಮಣ್ಣೇ ಹಾಗೆ. ಹುಳಿ ಮಣ್ಣಲ್ಲಿ ಗಿಡ ಅಲ್ಯುಮಿನಿಯಂ ಹೀರುತ್ತದೆ, ಹೂ ನೀಲಿಯಾಗುತ್ತದೆ. ನನ್ನ ಕುಂಡದ ಮಣ್ಣಿಗೆ ಸುಣ್ಣ ಬೆರೆಸಿದ್ದೆ, ಅದಕ್ಕೆ ಗುಲಾಬಿ ಇತ್ತು. ತೋಟಕ್ಕೆ ಹಾಕುವ ಕೃಷಿ ಸುಣ್ಣವನ್ನೇ ಒಂದು ಹಿಡಿ ಬುಡದ ಸುತ್ತ, ಕಾಂಡಕ್ಕೆ ತಾಗದ ಹಾಗೆ ಹಾಕು. ನಾಲ್ಕೈದು ತಿಂಗಳು ಬಿಟ್ಟು ಇನ್ನೊಂದು ಹಿಡಿ. ಈಗ ಬಿಟ್ಟಿರುವ ಗೊಂಚಲು ಬದಲಾಗುವುದಿಲ್ಲ, ಮುಂದಿನದ್ದು ನೋಡಬೇಕು. ಕಾಫಿ ಬುಡಕ್ಕೂ ಅದೇ ಧಾರಾಳದಲ್ಲಿ ಸುರಿಯಬೇಡ.

ಆ ನೀಲಿಯ ಎರಡು ಕಡ್ಡಿ ಮಳೆ ಹಿಡಿದ ಮೇಲೆ ನನಗೆ ಎತ್ತಿಡು. ನನ್ನ ಹತ್ತಿರ ನೀಲಿ ಇಲ್ಲ.